ವೀಣೆ ಮೀಟಿದ ಕೈಗೆ ಹಿತ್ತಾಳೆ ತಂತಿಯ ಹಾರ್ಪ್ ಒಗ್ಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೈಸೂರಿನವರು. 7 ವರ್ಷದಿಂದ ಡಬ್ಲಿನ್‌ನಲ್ಲಿದ್ದೇವೆ. ಮದುವೆಗೆ ಮುಂಚೆ 10 ವರ್ಷ ವೀಣೆ ಕಲಿತಿದ್ದೆ. 11 ವರ್ಷದ ಮಗಳು ಇಲ್ಲಿ ನೈಲಾನ್ ತಂತಿಯ ಲಿವರ್ ಹಾರ್ಪ್ (ಸಣ್ಣ ಸನ್ನೆ ಎತ್ತಿ ಸ್ವರ ಬದಲಿಸುವಂಥದ್ದು) ಕಲಿಯುತ್ತಿದ್ದಾಳೆ. ಹೋದ ತಿಂಗಳು ಒಂದು ಸಣ್ಣ ಕಚೇರಿಯಲ್ಲಿ ಹಿತ್ತಾಳೆ ತಂತಿಯ ಹಳೇ ಐರಿಶ್ ಹಾರ್ಪ್ ಕೇಳಿದೆ. ತಂಬೂರಿ ಪಕ್ಕದಲ್ಲಿ ಕೂತ ಹಾಗಾಯಿತು. ಕಲಿಯಲೇಬೇಕು ಅನ್ನಿಸಿಬಿಟ್ಟಿದೆ. ಮಗಳ ಹಾರ್ಪಿಗೇ ಹಿತ್ತಾಳೆ ತಂತಿ ಹಾಕಬಹುದಾ? ಇಲ್ಲಿ ರಿಪೇರಿಯವರೊಬ್ಬರು 'ದಪ್ಪ ತಂತಿ ಹಾಕಿದರೆ ಆಗುತ್ತೆ' ಅಂದರು. ಒಂದು ಸುರುಳಿ ತಂತಿ ತಂದೂ ಆಯಿತು. ಎರಡನೆಯದು, ಗೆಳತಿಯೊಬ್ಬಳು 'ಹಾರ್ಪ್‌ನವರನ್ನೆಲ್ಲ ಇಂಗ್ಲಿಷರು ನೇಣಿಗೆ ಹಾಕಿ ಮುಗಿಸಿದರು, ಈಗ ನುಡಿಸೋದೆಲ್ಲ 1970ರ ಮೇಲೆ ಯಾರೋ ಕಟ್ಟಿದ ಕಥೆ' ಅನ್ನುತ್ತಾಳೆ. ಹಾಗಾದರೆ ನಾನು ಕಲಿಯೋದು ಏನನ್ನು? ಉಗುರು ಉದ್ದ ಬಿಡಬೇಕಂತೆ, ಅದೂ ನಿಜವಾ?

ಉತ್ತರ: ನಮಸ್ಕಾರ. ಮೊದಲು ಆ ಸುರುಳಿಯನ್ನು ಎತ್ತಿಡಿ. ಮಗಳ ಹಾರ್ಪಿಗೆ ಅದನ್ನು ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಈ ಹಾರ್ಪ್‌ಗಳನ್ನು ರಿಪೇರಿ ಮಾಡುತ್ತೇನೆ, ಒಂದಷ್ಟು ಜನಕ್ಕೆ ಕಲಿಸುತ್ತೇನೆ. 'ದಪ್ಪ ತಂತಿ ಹಾಕಿದರೆ ಆಗುತ್ತೆ' ಅನ್ನೋ ಸಲಹೆ ಕೇಳಿ ಹಾಳಾದ ಹಾರ್ಪ್‌ಗಳು ನನ್ನ ಮೇಜಿನ ಮೇಲೆ ಬಂದಿವೆ. ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ದಪ್ಪ ತಂತಿ ಗಟ್ಟಿ, ಹಾಗಾಗಿ ಹರಿಯೋದಿಲ್ಲ ಅಂತ. ಆದರೆ ತಂತಿ ದಪ್ಪ ಆದಷ್ಟೂ ಭಾರವೂ ಆಗುತ್ತದೆ. ಭಾರದ ತಂತಿಯನ್ನು ಅದೇ ಶ್ರುತಿಗೆ ತರಲು ಅಷ್ಟೇ ಜಾಸ್ತಿ ಎಳೆಯಬೇಕು. ಗಟ್ಟಿತನ ಎಷ್ಟು ಏರುತ್ತದೋ ಎಳೆತವೂ ಅಷ್ಟೇ ಏರುತ್ತದೆ. ಲೆಕ್ಕ ಅಲ್ಲಿಗಲ್ಲಿಗೆ. ಒಂದು ಉದ್ದದ ಹಿತ್ತಾಳೆ ತಂತಿ ಯಾವ ಶ್ರುತಿಯಲ್ಲಿ ಹರಿಯುತ್ತದೆ ಅನ್ನೋದಕ್ಕೂ ಅದರ ದಪ್ಪಕ್ಕೂ ಹೆಚ್ಚು ಸಂಬಂಧ ಇಲ್ಲ. ಸಂಬಂಧ ಇರೋದು ಉದ್ದಕ್ಕೆ, ಮತ್ತೆ ಲೋಹಕ್ಕೆ.

ನೈಲಾನ್ ಹಗುರ. ಹಿತ್ತಾಳೆ ಅದಕ್ಕಿಂತ ಸುಮಾರು 7 ಪಟ್ಟು ಭಾರ, ಆದರೆ 7 ಪಟ್ಟು ಗಟ್ಟಿ ಏನಲ್ಲ. ಹಾಗಾಗಿ ನೈಲಾನ್‌ಗೆಂದು ಉದ್ದ ಇಟ್ಟು ಮಾಡಿದ ಹಾರ್ಪಿನಲ್ಲಿ ಹಿತ್ತಾಳೆ ತಂತಿ, ಅದರಲ್ಲೂ ಮೇಲಿನ ಸ್ವರಗಳಲ್ಲಿ, ಬೇಕಾದ ಶ್ರುತಿ ಮುಟ್ಟೋ ಮೊದಲೇ ಪಟ್ ಅಂತ ಹರಿಯುತ್ತದೆ. ಹರಿದರೆ ನಿಮ್ಮ ಅದೃಷ್ಟ. ದಪ್ಪ ತಂತಿ ಹರಿಯೋ ಮೊದಲು ಮೇಲಿನ ತೆಳು ಹಲಗೆಯನ್ನೇ ಎಳೆದು ಉಬ್ಬಿಸಿಬಿಡುತ್ತದೆ, ಅಂಟು ಬಿಡಿಸುತ್ತದೆ. ಒಬ್ಬರು ಹೀಗೆ ತಂದ ಹಾರ್ಪಿನ ಹಲಗೆ ಪೂರಿಯ ಹಾಗೆ ಉಬ್ಬಿತ್ತು. ಅದನ್ನು ಸರಿ ಮಾಡುವ ಖರ್ಚಿನಲ್ಲಿ ಇನ್ನೊಂದು ಹಾರ್ಪ್ ಬರುತ್ತಿತ್ತು.

ಹಿತ್ತಾಳೆ ಹಾರ್ಪ್ ಹುಟ್ಟಿದ್ದೇ ಬೇರೆ ಲೆಕ್ಕದಲ್ಲಿ. ಮೇಲಿನ ತಂತಿಗಳು ಗಿಡ್ಡ. ಮೈ ದಪ್ಪ. ನಾದದ ಪೆಟ್ಟಿಗೆಯನ್ನು ಹಲಗೆ ಜೋಡಿಸಿ ಮಾಡುವುದಿಲ್ಲ, ಒಂದೇ ದಿಮ್ಮಿಯನ್ನು ಕೊರೆದು ಮಾಡುತ್ತಾರೆ. ಹೆಚ್ಚಾಗಿ ವಿಲ್ಲೋ ಮರ, ಕ್ರಿಕೆಟ್ ಬ್ಯಾಟ್ ಮಾಡುವ ಜಾತಿಯದು. ಹಲಸಿನ ಒಂದೇ ದಿಮ್ಮಿಯಲ್ಲಿ ಕಡೆದ ಏಕಾಂಡ ವೀಣೆ ನೀವು ನೋಡಿರುತ್ತೀರಿ. ಹಾಗೆ ಅಂದುಕೊಳ್ಳಿ. ಮುಂದಿನ ಕಂಬ ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತದೆ. ತಂತಿ ಸುಮಾರು 30. ಐರಿಶ್‌ನಲ್ಲೂ ಸ್ಕಾಟಿಷ್ ಗೇಲಿಕ್‌ನಲ್ಲೂ ಇದಕ್ಕೆ ಹೆಚ್ಚುಕಮ್ಮಿ ಒಂದೇ ಹೆಸರು: ಕ್ಲಾರ್ಶಾಖ್.

ಇಲ್ಲೊಂದು ತಮಾಷೆ ಇದೆ. ನಿಮ್ಮ ಮಗಳು ನುಡಿಸುವ ಲಿವರ್ ಹಾರ್ಪನ್ನು ಎಲ್ಲರೂ 'ಪುರಾತನ ಐರಿಶ್ ಹಾರ್ಪ್' ಅಂತ ಕರೆಯುತ್ತಾರೆ. ಅದರ ಅಜ್ಜ 19ನೇ ಶತಮಾನದ್ದು. ಡಬ್ಲಿನ್‌ನ ಜಾನ್ ಈಗನ್ ಅನ್ನುವವರು 1819ರ ಸುಮಾರಿಗೆ ಮಾಡಿದ, ಕರುಳಿನ ತಂತಿಯ ಪುಟ್ಟ ಹಾರ್ಪಿನಿಂದ ಬಂದ ವಂಶ ಅದು. ಕಾಲಲ್ಲಿ ಪೆಡಲ್ ಒತ್ತಿ ಸ್ವರ ಬದಲಿಸುವ ದೊಡ್ಡ ಹಾರ್ಪಿನ ಸಂಬಂಧಿಯೇ ಹೊರತು ಕ್ಲಾರ್ಶಾಖ್‌ನ ಮಗಳಲ್ಲ. ಒಳ್ಳೆಯ ವಾದ್ಯವೇ. ಹೆಸರು ಮಾತ್ರ ಬೇರೆಯವರ ಮನೆಯದು.

ಈಗ ನಿಮ್ಮ ಗೆಳತಿಯ ಮಾತಿಗೆ ಬರೋಣ. ಅದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ನೇಣಿನ ಕಥೆ ಎಲ್ಲ ಕಡೆ ಓಡಾಡುತ್ತದೆ. 1603ರಲ್ಲಿ ಎಲಿಜಬೆತ್ ರಾಣಿ 'ಹಾರ್ಪ್‌ನವರು ಎಲ್ಲಿ ಸಿಕ್ಕರೂ ನೇಣು ಹಾಕಿ, ವಾದ್ಯ ಸುಡಿ' ಅಂತ ಆಜ್ಞೆ ಕೊಟ್ಟಳಂತೆ. ಕವಿಗಳು, ಹಾರ್ಪ್‌ನವರು ಬಂಡಾಯಗಾರರ ಪರ ಅನ್ನೋ ಅನುಮಾನ ಇಂಗ್ಲಿಷ್ ಆಡಳಿತಕ್ಕೆ ಇತ್ತು, ಅವರ ವಿರುದ್ಧ ಕಟ್ಟಳೆಗಳೂ ಇದ್ದವು. ಅಷ್ಟು ನಿಜ. ಆದರೆ ಹಾರ್ಪ್‌ನವರ ಸಂತತಿಯೇ ಹಾಗೆ ಮುಗಿಯಲಿಲ್ಲ. ಎಲಿಜಬೆತ್ ನಂತರ ಬಂದ 1ನೇ ಜೇಮ್ಸ್ ರಾಜನ ಲಂಡನ್ ಆಸ್ಥಾನದಲ್ಲೇ ಐರಿಶ್ ಹಾರ್ಪ್ ನುಡಿಸುವವರಿಗೆ ಸಂಬಳದ ಕೆಲಸ ಇತ್ತು. ಐರ್ಲೆಂಡಿನ ಹೆಸರಾಂತ ಹಾರ್ಪ್ ವಾದಕ ಟರ್ಲೋ ಓ'ಕ್ಯಾರೊಲನ್ ಬದುಕಿದ್ದು 1670ರಿಂದ 1738ರವರೆಗೆ.

ಹಾರ್ಪನ್ನು ಕೊಂದದ್ದು ನೇಣಲ್ಲ, ಆಸರೆ ತಪ್ಪಿದ್ದು. ಐರ್ಲೆಂಡಿನ ಹಳೇ ಗೇಲಿಕ್ ದೊರೆಮನೆಗಳಲ್ಲಿ ಹಾರ್ಪ್‌ನವನಿಗೆ ಒಂದು ಹುದ್ದೆ, ಊಟ, ಎಷ್ಟೋ ಸಲ ಜಮೀನು ಇರುತ್ತಿತ್ತು. 1601ರ ಕಿನ್ಸೇಲ್ ಯುದ್ಧದಲ್ಲಿ ಆ ದೊರೆಗಳು ಇಂಗ್ಲಿಷರಿಗೆ ಸೋತರು. 1607ರಲ್ಲಿ ಉತ್ತರದ ದೊಡ್ಡ ದೊರೆಗಳು ದೇಶವನ್ನೇ ಬಿಟ್ಟು ಹಡಗು ಹತ್ತಿದರು. ಜಮೀನು ಕೈ ಬದಲಾಯಿತು. ಹಾರ್ಪ್‌ನವರು ಮನೆಯಿಂದ ಮನೆಗೆ ಅಲೆಯುವವರಾದರು. ಸಿಡುಬು ಬಂದು ಕಣ್ಣು ಹೋದ ಮಕ್ಕಳಿಗೆ ಹೊಟ್ಟೆಪಾಡಿಗೆ ಇರಲಿ ಅಂತ ಹಾರ್ಪ್ ಕಲಿಸುವುದು ವಾಡಿಕೆಯಾಯಿತು. ಓ'ಕ್ಯಾರೊಲನ್ ಕೂಡ ಹಾಗೇ. ಆಮೇಲೆ ರುಚಿ ಬದಲಾಯಿತು. ದೊಡ್ಡ ಮನೆಗಳಿಗೆ ಇಟಲಿಯ ಸಂಗೀತ ಬಂತು, ಪಿಯಾನೋ ಬಂತು. ಹೊಸ ಸಂಗೀತ ನಡುವೆಯೇ ಸ್ವರ ಬದಲಾಯಿಸಿಕೊಂಡು ಓಡುತ್ತದೆ. ಹಿತ್ತಾಳೆ ಹಾರ್ಪಿನಲ್ಲಿ ಕೂಡಿಸಿಟ್ಟ ಏಳು ಸ್ವರ ಬಿಟ್ಟರೆ ಬೇರೆ ಬೇಕಾದರೆ ಬಿರಡೆ ತಿರುಗಿಸಬೇಕು.

ಮೈಸೂರಿನವರಾದ ನಿಮಗೆ ಅರಮನೆ ಆಸರೆ ಅಂದರೇನು ಅಂತ ಹೇಳಬೇಕಿಲ್ಲ. ವೀಣೆಗೆ ಅರಮನೆ ತಪ್ಪಿದಾಗ ಸಭೆಗಳಿದ್ದವು, ರೇಡಿಯೋ ಇತ್ತು. ಈ ಹಾರ್ಪಿಗೆ ಅಂಥದ್ದೇನೂ ಸಿಗಲಿಲ್ಲ.

1792ರ ಜುಲೈನಲ್ಲಿ ಬೆಲ್ಫಾಸ್ಟ್‌ನಲ್ಲಿ ಕೆಲವರು ಉಳಿದ ಹಾರ್ಪ್‌ನವರನ್ನು ಕರೆದು ಸೇರಿಸಿದರು. ಐರ್ಲೆಂಡಿನಿಂದ ಬಂದವರು 10 ಜನ, ಅವರಲ್ಲಿ ಹೆಚ್ಚಿನವರು ಕುರುಡರು. ಕ್ರಾಂತಿಕಾರಿ ವುಲ್ಫ್ ಟೋನ್ ಕೂಡ ಅಲ್ಲಿದ್ದ. ದಿನಚರಿಯಲ್ಲಿ 'ಮತ್ತೆ ಹಾರ್ಪ್‌ನವರು, ಬರೀ ಟಿಂಗ್ ಟಿಂಗ್, ಹಾಳಾಗಿ ಹೋಗಲಿ' ಅನ್ನೋ ಅರ್ಥದಲ್ಲಿ ಗೊಣಗಿದ್ದಾನೆ. ದೇಶಪ್ರೇಮಿಗಳೆಲ್ಲ ಹಾರ್ಪ್ ಕೇಳಿ ಕಣ್ಣೀರಿಟ್ಟರು ಅನ್ನೋರಿಗೆ ಇದನ್ನು ತೋರಿಸಬೇಕು.

ಅವರು ನುಡಿಸಿದ್ದನ್ನು ಬರೆದುಕೊಳ್ಳಲು 19 ವರ್ಷದ ಎಡ್ವರ್ಡ್ ಬಂಟಿಂಗ್ ಎಂಬ ಹುಡುಗನನ್ನು ಕೂರಿಸಿದರು. ಬಂಟಿಂಗ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆ ಕೆಲಸ ಅವನ ಜೀವನವನ್ನೇ ಹಿಡಿಯಿತು, 1840ರವರೆಗೆ ಮೂರು ಸಂಪುಟ ತಂದ. ನಮಗೆ ಇಂದು ಇರುವ ದೊಡ್ಡ ಆಧಾರ ಅವನೇ. ದೊಡ್ಡ ತಲೆನೋವೂ ಅವನೇ. ಯಾಕೆಂದರೆ ಅಚ್ಚು ಹಾಕಿಸುವಾಗ ಎಲ್ಲವನ್ನೂ ಪಿಯಾನೋಗೆ ಹೊಂದಿಸಿಬಿಟ್ಟ. ಪಿಯಾನೋದಲ್ಲಿ ಎಡಗೈ ನುಡಿಸುವ ಕೆಳಗಿನ ಸ್ವರಗಳ ಭಾಗವನ್ನು ಪಿಯಾನೋ ಮೇಷ್ಟ್ರ ರೀತಿಯಲ್ಲಿ ತಾನೇ ತುಂಬಿದ. ಅದೃಷ್ಟಕ್ಕೆ ಎದುರಿಗೆ ಕೂತು ಅವಸರದಲ್ಲಿ ಗೀಚಿಕೊಂಡ ಟಿಪ್ಪಣಿ ಪುಸ್ತಕಗಳು ಬೆಲ್ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಉಳಿದಿವೆ. ಈಗಿನವರು ಅಚ್ಚಾದದ್ದನ್ನು ಬದಿಗಿಟ್ಟು ಆ ಗೀಚುಗಳನ್ನೇ ಓದುತ್ತಾರೆ. ಅಲ್ಲೂ ಹೆಚ್ಚಾಗಿ ಸಿಗುವುದು ಮೇಲಿನ ರಾಗ ಮಾತ್ರ, ಕೆಳಗಿನ ಕೈ ಏನು ಮಾಡುತ್ತಿತ್ತು ಅನ್ನೋದು ಅಪರೂಪ.

ಆ 10 ಜನರಲ್ಲಿ ಡೆನಿಸ್ ಹೆಂಪ್ಸನ್ ಅಂತ ಒಬ್ಬ ಅಜ್ಜ ಇದ್ದ. 1695ರಲ್ಲಿ ಹುಟ್ಟಿದವನು ಅಂತ ಲೆಕ್ಕ, ಸತ್ತದ್ದು 1807ರಲ್ಲಿ. ಹೌದು, ಸರಿಯಾಗಿಯೇ ಓದಿದಿರಿ. 3 ವರ್ಷದ ಮಗುವಾಗಿದ್ದಾಗ ಸಿಡುಬಿನಿಂದ ಕಣ್ಣು ಹೋಗಿತ್ತು. ಅವನ ಹಾರ್ಪ್ 1702ರದ್ದು, ಈಗ ನಿಮ್ಮ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ಮ್ಯೂಸಿಯಂನಲ್ಲಿದೆ. ಬೆಲ್ಫಾಸ್ಟ್‌ಗೆ ಬಂದವರಲ್ಲಿ ಉದ್ದ ಉಗುರಿನಿಂದ ಹಳೇ ಪದ್ಧತಿಯಲ್ಲಿ ನುಡಿಸುತ್ತಿದ್ದವನು ಅವನೊಬ್ಬನೇ ಅಂತ ಬಂಟಿಂಗ್ ಬರೆದಿದ್ದಾನೆ. ಉಳಿದವರು ಬೆರಳಿನ ಮಾಂಸದಿಂದ ಮೀಟುತ್ತಿದ್ದರು.

ನಿಮ್ಮ ಉಗುರಿನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಉಗುರು ಹಳೇ ದಾರಿ, ಆದರೆ ಬೆರಳ ತುದಿಯೂ ಆ ಪರಂಪರೆಯ ಒಳಗಿನದೇ. ವೀಣೆಗೆ ಬಲಗೈಯ ಎರಡು ಬೆರಳಿನ ಉಗುರು ಬಿಟ್ಟರೆ ಸಾಕಿತ್ತು. ಇಲ್ಲಿ ಎರಡೂ ಕೈ ಬೇಕು, ಹೆಬ್ಬೆರಳೂ ಬೇಕು. ಅಷ್ಟೊಂದು ಉಗುರು ಇಟ್ಟುಕೊಂಡು ರೊಟ್ಟಿ ತಟ್ಟೋದು ಹೇಗೆ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ: ಆಗಲ್ಲ. ಕಚೇರಿಗೆ ಎರಡು ದಿನ ಇರುವಾಗ ತೆಂಗಿನಕಾಯಿ ತುರಿಯುತ್ತಾ ಹೆಬ್ಬೆರಳ ಉಗುರು ಮುರಿದುಕೊಂಡವಳು ನಾನು. ಬೆರಳ ತುದಿಯಿಂದ ಒಂದು ಗೆರೆ ಮೇಲೆ ಬಂದಷ್ಟು ಉಗುರು ಸಾಕು. ಮೊದಲ ಆರು ತಿಂಗಳು ಅದೂ ಬೇಡ.

ಪರಂಪರೆಯ ಕೊಂಡಿ ಕಡಿದದ್ದು ಇದಾದ ಮೇಲೆ. ಬೆಲ್ಫಾಸ್ಟ್‌ನಲ್ಲಿ 1808ರಲ್ಲಿ ಒಂದು ಶಾಲೆ ತೆರೆದರು, ದುಡ್ಡಿಲ್ಲದೆ ನಿಂತಿತು. ಮತ್ತೊಂದು 1819ರಲ್ಲಿ ಶುರುವಾಗಿ 1839ರವರೆಗೆ ಕುಂಟುತ್ತಾ ನಡೆಯಿತು. ಅಲ್ಲಿಂದ ಆಚೆ ಬಂದ ದೊಡ್ಡ ವಾದಕರಲ್ಲಿ ಕೊನೆಯವನು ಅಂತ ಹೇಳಬಹುದಾದವನು ಪ್ಯಾಟ್ರಿಕ್ ಬರ್ನ್. 1845ರಲ್ಲಿ ಎಡಿನ್‌ಬರಾದಲ್ಲಿ ತೆಗೆದ ಅವನ ಫೋಟೋ ಇದೆ: ಕಂಬಳಿಯಂಥದ್ದು ಹೊದ್ದು, ಎಡ ಭುಜಕ್ಕೆ ಹಾರ್ಪ್ ಒರಗಿಸಿ ಕೂತಿದ್ದಾನೆ. ಅವನು 1863ರಲ್ಲಿ ತೀರಿಕೊಂಡ. ಫೋಟೋ ಇದೆ, ದನಿ ಇಲ್ಲ. ರೆಕಾರ್ಡಿಂಗ್ ಬರೋಕೆ ಇನ್ನೂ ಸ್ವಲ್ಪ ವರ್ಷ ಬೇಕಿತ್ತು.

ಆಮೇಲಿನದ್ದು ಪುನರುಜ್ಜೀವನ. 1930ರ ದಶಕದಲ್ಲಿ ಇಂಗ್ಲೆಂಡಿನ ಆರ್ನಾಲ್ಡ್ ಡಾಲ್‌ಮೆಚ್ ಕಾರ್ಖಾನೆಯಲ್ಲಿ ಲೋಹದ ತಂತಿಯ ಹಾರ್ಪ್‌ಗಳು ತಯಾರಾದವು. ಫ್ರಾನ್ಸಿನ ಬ್ರಿಟನಿಯಲ್ಲಿ ಒಬ್ಬ ತಂದೆ 1953ರಲ್ಲಿ ಮಗನಿಗೆಂದು ಹಾರ್ಪ್ ಕಟ್ಟಿಕೊಟ್ಟರು. ಆ ಹುಡುಗ ಅಲನ್ ಸ್ಟಿವೆಲ್ ಆಗಿ ಬೆಳೆದು, 1970ರ ದಶಕದಲ್ಲಿ ಲೋಹದ ಹಾರ್ಪಿನ ದನಿಯನ್ನು ಜಗತ್ತಿಗೆಲ್ಲ ಕೇಳಿಸಿದರು. ಅದು ಹೊಸ ವಾದ್ಯ, ಹೊಸ ಶೈಲಿ. ಆದರೆ ಕಿವಿ ತೆರೆಸಿತು. ಅದೇ ದಶಕದಲ್ಲಿ ಅಮೆರಿಕದ ಆನ್ ಹೇಮನ್ ಬೇರೆ ದಾರಿ ಹಿಡಿದರು. ಉಗುರು ಬಿಟ್ಟು, ಹಾರ್ಪನ್ನು ಎಡ ಭುಜಕ್ಕಿಟ್ಟು, ಬಂಟಿಂಗ್ ಕೊಟ್ಟ ಕೈಚಳಕದ ಪಟ್ಟಿಯನ್ನು ತಂತಿಯ ಮೇಲೆ ಒಂದೊಂದಾಗಿ ಮಾಡಿ ನೋಡಿದರು. ಐರ್ಲೆಂಡಿನಲ್ಲಿ ಗ್ರಾನ್ಯ ಯೇಟ್ಸ್ 1792ರ ರಾಗಗಳನ್ನು ಮತ್ತೆ ಲೋಹದ ತಂತಿಯ ಹಾರ್ಪಿಗೆ ತಂದರು. 2002ರಲ್ಲಿ ಶಿವಾನ್ ಆರ್ಮ್‌ಸ್ಟ್ರಾಂಗ್ ಐರ್ಲೆಂಡಿನ ಐತಿಹಾಸಿಕ ಹಾರ್ಪ್ ಸಂಘ ಶುರು ಮಾಡಿದರು. ಕಿಲ್ಕೆನ್ನಿಯಲ್ಲಿ ಅವರ ಬೇಸಿಗೆ ಶಾಲೆ ಇದೆ, ಡಬ್ಲಿನ್‌ನಿಂದ ರೈಲಿನಲ್ಲಿ ಹೋಗಿ ಬರಬಹುದು. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಐರಿಶ್ ಹಾರ್ಪ್ ವಾದನ ಪೂರ್ತಿ, ಲೋಹದ ತಂತಿಯ ಹಾರ್ಪ್ ಒಂದೇ ಅಲ್ಲ. ಇದನ್ನು ತೋರಿಸಿ 'ಯುನೆಸ್ಕೋ ಮಾನ್ಯತೆ ಪಡೆದ ಪುರಾತನ ಪದ್ಧತಿ' ಅಂತ ಪಾಠ ಮಾರುವವರಿದ್ದರೆ ಸ್ವಲ್ಪ ದೂರ ಇರಿ.

ಹಾಗಾದರೆ ಗೆಳತಿ ಹೇಳಿದ 'ಕಟ್ಟಿದ ಕಥೆ' ಎಷ್ಟು? ನಾನು ಶಿಷ್ಯರಿಗೆ ಹೇಳುವ ಲೆಕ್ಕವನ್ನೇ ಹೇಳುತ್ತೇನೆ. ವಾದ್ಯದ ಮೈ ಗಟ್ಟಿ ಆಧಾರದ ಮೇಲಿದೆ. ಹಳೇ ಹಾರ್ಪ್‌ಗಳು ಕಣ್ಣೆದುರಿಗಿವೆ: ನಿಮ್ಮ ಟ್ರಿನಿಟಿ ಕಾಲೇಜಿನದು, ಎಡಿನ್‌ಬರಾದ ರಾಷ್ಟ್ರೀಯ ಮ್ಯೂಸಿಯಂನ ಕ್ವೀನ್ ಮೇರಿ ಮತ್ತು ಲಮಾಂಟ್ ಹಾರ್ಪ್‌ಗಳು. ಎಡಿನ್‌ಬರಾದ ಎರಡನ್ನೂ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಕ್ಕೆ ಹಾಕಿ ಒಳಗಿನ ದಪ್ಪ, ಹಳೇ ರಿಪೇರಿ ಎಲ್ಲ ನೋಡಿದ್ದಾರೆ. ಶ್ರುತಿ ಮಾಡುವ ಕ್ರಮ ಬಂಟಿಂಗ್ ಬರೆದಿಟ್ಟಿದ್ದಾನೆ. ನಡುವಿನಲ್ಲಿ ಒಂದೇ ಸ್ವರದ ಎರಡು ತಂತಿ ಇರುತ್ತವೆ. ಅವಕ್ಕೆ ಅಕ್ಕತಂಗಿಯರು ಅಂತ ಹೆಸರು. ಐರಿಶ್ ಹೆಸರಿಗೆ 'ಜೊತೆಗೆ ಮಲಗಿದವರು' ಅಂತ ಅರ್ಥ. ಶ್ರುತಿ ಶುರುವಾಗುವುದು ಅವುಗಳಿಂದ, ಅಲ್ಲಿಂದ ಸ-ಪ ಹಿಡಿದು ಹತ್ತುತ್ತಾ ಇಳಿಯುತ್ತಾ ಹೋಗಬೇಕು. ನಿಮ್ಮ ಕಿವಿಗೆ ಅದು ಎರಡೇ ದಿನದ ಕೆಲಸ. ರಾಗಗಳು ಸಾಕಷ್ಟು ಸಿಕ್ಕಿವೆ. ಕೆಳಗಿನ ಕೈಯ ಕೆಲಸ ಬಹುಪಾಲು ಈಗಿನವರ ಊಹೆ. ನಡೆ, ವೇಗ ಕೂಡ ಅಷ್ಟೇ. ಇನ್ನು ಮಧ್ಯಯುಗದ ಸಂಗೀತ ಅಂತ ಯಾರಾದರೂ ನುಡಿಸಿದರೆ ಅದು ಪೂರ್ತಿ ಅವರ ಕಲ್ಪನೆ ಅಂದುಕೊಂಡೇ ಕೇಳಿ. ಚೆನ್ನಾಗಿರಬಹುದು. ಟ್ರಿನಿಟಿ ಹಾರ್ಪ್ ಐರ್ಲೆಂಡಿನ ಹಳೇ ರಾಜ ಬ್ರಯಾನ್ ಬೋರುನದು ಅನ್ನೋದೂ ಇಂಥದ್ದೇ: ರಾಜ ಸತ್ತದ್ದು 1014ರಲ್ಲಿ, ಹಾರ್ಪ್ 14-15ನೇ ಶತಮಾನದ್ದು. ನಿಮ್ಮ ಜೇಬಿನ ಐರಿಶ್ ಯೂರೋ ನಾಣ್ಯದ ಮೇಲಿನ ಹಾರ್ಪ್ ಅದೇ.

ಗುರುವಿನ ಎದುರು ಕೂತು ವೀಣೆ ಕಲಿತ ನಿಮಗೆ ಇದು ಕಸಿವಿಸಿ ಅನ್ನಿಸಬಹುದು. ಇಲ್ಲಿ ಬಾಯಿಂದ ಬಾಯಿಗೆ ಬಂದ ಪಾಠ ಇಲ್ಲ. ಒಳ್ಳೆಯ ಮೇಷ್ಟ್ರು 'ಇದು ಪುಸ್ತಕದಲ್ಲಿದೆ, ಇದು ನಾನು ಊಹಿಸಿದ್ದು' ಅಂತ ಬಿಡಿಸಿ ಹೇಳುತ್ತಾರೆ. ಹಾಗೆ ಹೇಳದವರ ಹತ್ತಿರ ಹೋಗಬೇಡಿ. ಮೇಷ್ಟ್ರನ್ನು ಆರಿಸುವಾಗ ನಾನು ನೋಡುವುದು ಇದೊಂದನ್ನೇ.

ಇನ್ನು ಕೈ. ನಿಮ್ಮ ತೊಂದರೆ ಮೀಟುವುದರಲ್ಲಿ ಇರುವುದಿಲ್ಲ, ನಿಲ್ಲಿಸುವುದರಲ್ಲಿ ಇರುತ್ತದೆ. ವೀಣೆಯಲ್ಲಿ ಒಂದೇ ತಂತಿಯ ಮೇಲೆ ಸರಿಗಮ ಹೋಗುತ್ತೀರಿ. ಮುಂದಿನ ಮೆಟ್ಟಿಲು ಒತ್ತಿದ ಕೂಡಲೇ ಹಿಂದಿನ ಸ್ವರ ತಾನಾಗಿ ಹೋಯಿತು. ಹಾರ್ಪಿನಲ್ಲಿ ಪ್ರತಿ ಸ್ವರಕ್ಕೂ ಬೇರೆ ತಂತಿ. ಹಿತ್ತಾಳೆ ನೈಲಾನ್ ಥರ ತಟ್ಟನೆ ಆರುವುದಿಲ್ಲ, ಕೆಳಗಿನ ತಂತಿಗಳು ತುಂಬಾ ಹೊತ್ತು ಗುಂಯ್ ಅನ್ನುತ್ತಲೇ ಇರುತ್ತವೆ. ಸ ಮೀಟಿ ರಿ ಮೀಟಿದರೆ ಎರಡೂ ಒಟ್ಟಿಗೆ ಕೇಳುತ್ತವೆ. ಗ, ಮ ಸೇರಿದರೆ ಸಂತೆ. ಹಾಗಾಗಿ ರಿ ಮೀಟಿದ ಕ್ಷಣವೇ ಇನ್ನೊಂದು ಬೆರಳು ಹಿಂದೆ ಹೋಗಿ ಸ ತಂತಿಯನ್ನು ಮುಟ್ಟಿ ಆರಿಸಬೇಕು. ಆದರೆ ಎಲ್ಲವನ್ನೂ ಆರಿಸಿದರೆ ಹಾರ್ಪ್ ಸತ್ತುಹೋಗುತ್ತದೆ. ಸ ಉಳಿಯಲಿ, ರಿ ಹೋಗಲಿ, ಗ ಉಳಿಯಲಿ ಅಂತ ಆಯ್ಕೆ ಮಾಡುವುದರಲ್ಲೇ ಕಲೆ ಇದೆ. ಬಂಟಿಂಗ್ ಪಟ್ಟಿಯಲ್ಲೂ ಯಾವ ಬೆರಳು ಮೀಟಬೇಕು ಅನ್ನುವ ಜೊತೆಗೆ ಯಾವುದು ನಿಲ್ಲಿಸಬೇಕು ಅಂತಲೂ ಇದೆ. ಕಚೇರಿಯಲ್ಲಿ ನಿಮಗೆ ತಂಬೂರಿ ಕೇಳಿಸಿತಲ್ಲ, ಅದು ತಾನಾಗಿ ಬಂದದ್ದಲ್ಲ. ಬೇಡದ್ದನ್ನೆಲ್ಲ ಆ ವಾದಕರು ಬೆರಳಲ್ಲಿ ಅಳಿಸಿ ಉಳಿಸಿಕೊಂಡದ್ದು. ಈ ಹಾರ್ಪಿನ ಎಷ್ಟೋ ರೆಕಾರ್ಡಿಂಗ್‌ಗಳಿಗೆ ಗುಹೆಯಲ್ಲಿ ನುಡಿಸಿದಂತೆ ಪ್ರತಿಧ್ವನಿ ಸುರಿದಿರುತ್ತಾರೆ. ನನಗೆ ಅವು ಸೇರುವುದಿಲ್ಲ. ಆ ಬೆರಳ ಕೆಲಸವೇ ಮುಚ್ಚಿಹೋಗುತ್ತದೆ.

ಗಮಕ ಮಾತ್ರ ಮರೆತುಬಿಡಿ. ತಂತಿ ಎಳೆದು ಸ್ವರ ಬಗ್ಗಿಸುವುದು ಇಲ್ಲಿಲ್ಲ. ವೀಣೆಯಿಂದ ಬಂದವರು ಮೊದಲ ತಿಂಗಳಲ್ಲೇ ಬಿಟ್ಟುಹೋಗುವುದಿದ್ದರೆ ಇದಕ್ಕೇ.

ಈಗ ಏನು ಮಾಡಬಹುದು ಅಂತ ನೋಡೋಣ. ನಾನಾಗಿದ್ದರೆ ಮೊದಲು ಬಾಡಿಗೆಗೆ ಹಿತ್ತಾಳೆ ತಂತಿಯ ಒಂದು ಚಿಕ್ಕ ಹಾರ್ಪ್ ತರುತ್ತಿದ್ದೆ. ಐತಿಹಾಸಿಕ ಹಾರ್ಪ್ ಸಂಘದವರನ್ನು ಕೇಳಿ, ಬೇಸಿಗೆ ಶಾಲೆಯಲ್ಲಿ ಕೇಳಿ. ಚಿಕ್ಕದರಲ್ಲಿ ಕೆಳಗಿನ ತಂತಿಗಳು ಕಮ್ಮಿ, ಹಾಗಾಗಿ ಆ ಗುಂಯ್ ಪೂರ್ತಿ ಸಿಗುವುದಿಲ್ಲ. ಆದರೆ ಆರು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ. ಎರಡನೆಯ ದಾರಿ, ಹಳೇ ಹಾರ್ಪಿನ ಅಳತೆಗೆ ಮಾಡಿದ ನಕಲು ಕೊಳ್ಳುವುದು. ಮಾಡುವವರು ಕಮ್ಮಿ, ಕಾಯಬೇಕು, ದುಡ್ಡೂ ಜಾಸ್ತಿ. ಒಂದೇ ದಿಮ್ಮಿಯಲ್ಲಿ ಕೊರೆದ ಪೆಟ್ಟಿಗೆಯಾ, ಪ್ರತಿ ತಂತಿಯ ಲೋಹ ಮತ್ತು ದಪ್ಪದ ಪಟ್ಟಿ ಕೊಡುತ್ತಾರಾ ಅಂತ ಕೇಳಿ. ತಂತಿ ಪಟ್ಟಿ ಕೊಡದವರ ಹಾರ್ಪ್ ಬೇಡ. ಕೆಳಗಿನ ತಂತಿಗೆ ಬೆಳ್ಳಿ, ಬಂಗಾರ ಹಾಕಿ ಪ್ರಯೋಗ ಮಾಡಿದವರಿದ್ದಾರೆ, ದನಿ ಸೊಗಸಾಗಿಯೂ ಇದೆ. ನಿಮಗೆ ಈಗ ಹಿತ್ತಾಳೆ ಸಾಕು. ಬಂಗಾರ ಮಗಳ ಮದುವೆಗಿರಲಿ. ಮೂರನೆಯದು ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ, ಬರೀ ಕೆತ್ತನೆ ತುಂಬಿದ ಹಾರ್ಪ್. ಗೋಡೆ ಪಕ್ಕ ಇಡಲು ಚೆನ್ನಾಗಿರುತ್ತದೆ. ಶ್ರುತಿ ನಿಲ್ಲದ ವಾದ್ಯದಲ್ಲಿ ಕಲಿತರೆ ವೀಣೆ ಕೇಳಿ ಬೆಳೆದ ಕಿವಿಗೆ ಹಿಂಸೆ.

ಮಗಳನ್ನು ಲಿವರ್ ಹಾರ್ಪಿನಿಂದ ಬಿಡಿಸಬೇಡಿ. ಅವಳದು ಬಲ ಭುಜಕ್ಕೆ ಒರಗುತ್ತದೆ, ಬಲಗೈ ಮೇಲಿನ ಸ್ವರ ನುಡಿಸುತ್ತದೆ. ನಿಮ್ಮದು ಎಡ ಭುಜ, ಎಡಗೈ ಮೇಲಿನ ಸ್ವರ. ಎರಡೂ ಒಟ್ಟಿಗೆ ಕಲಿಸಿದರೆ 11 ವರ್ಷದ ಮಗುವಿಗೆ ಗೊಂದಲ. ಆದರೆ ಎದುರುಬದುರು ಕೂತು ನುಡಿಸಿದರೆ ಕನ್ನಡಿ ನೋಡಿದ ಹಾಗಿರುತ್ತದೆ, ಅವಳಿಗೆ ಖುಷಿ ಆಗಬಹುದು.

ಆ ತಂತಿ ಸುರುಳಿ ಎಸೆಯಬೇಡಿ. ಬಾಡಿಗೆ ಹಾರ್ಪ್ ಬಂದ ಮೊದಲ ತಿಂಗಳಲ್ಲಿ ಮೇಲಿನ ಒಂದೆರಡು ತಂತಿ ನೀವು ಹರಿದೇ ಹರಿಯುತ್ತೀರಿ, ಎಲ್ಲರೂ ಹರಿದಿದ್ದೇವೆ. ಸುರುಳಿಯ ಚೀಟಿ ಮೇಲೆ ದಪ್ಪ ಎಷ್ಟು ಮಿಲಿಮೀಟರ್ ಅಂತ ಇರುತ್ತದೆ. ಅದನ್ನು ಬರೆದು ಕಳಿಸಿ, ಯಾವ ಸ್ವರಕ್ಕೆ ಆಗುತ್ತದೆ ಅಂತ ಹೇಳುತ್ತೇನೆ.